ಏಳನೇ ದಿನ ಬೆಳಕಿಗೆ ಹಿಡಿದರೆ ಮೂರರಲ್ಲೊಂದು ಮೊಟ್ಟೆ ಖಾಲಿ: ಹುಂಜದ ದೋಷವೋ, ಕೂಡಿಟ್ಟ ರೀತಿಯ ದೋಷವೋ?

ಪ್ರಶ್ನೆ: ಹಿರಿಯೂರು_ಹಿತ್ತಿಲು

ನಾಟಿ ಕೋಳಿ ಮೊಟ್ಟೆ, ಫ್ಯಾನ್ ಇರುವ ಸಣ್ಣ ಇನ್‌ಕ್ಯುಬೇಟರ್. 14 ಹೇಂಟೆಗೆ ಒಂದೇ ಹುಂಜ. ಹಳೇ ಹುಂಜ ಕೊಟ್ಟು ಬೇರೆ ಊರಿನ ಹುಂಜ ತಂದು ಬಿಟ್ಟು, ಮೂರನೇ ದಿನದಿಂದಲೇ ಮೊಟ್ಟೆ ಕೂಡಿಡಲು ಶುರು. ಯಂತ್ರ ತುಂಬುವಷ್ಟಾಗಲಿ ಎಂದು ಅಡುಗೆಮನೆ ಬುಟ್ಟಿಯಲ್ಲಿ ಹತ್ತು ಹನ್ನೆರಡು ದಿನ ಇದ್ದ ಮೊಟ್ಟೆಗಳೂ ಇವೆ. ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಏಳನೇ ದಿನ ಟಾರ್ಚ್ ಹಿಡಿದು ನೋಡಿದರೆ ಮೂರರಲ್ಲೊಂದು ಮೊಟ್ಟೆಯಲ್ಲಿ ನರವೂ ಇಲ್ಲ, ಕಪ್ಪು ಚುಕ್ಕೆಯೂ ಇಲ್ಲ. ಹುಂಜಕ್ಕೆ ಶಕ್ತಿ ಇಲ್ಲ ಅನ್ನುತ್ತಾರೆ ಊರಿನವರು.

ಇನ್ನೊಂದು ಸಂದೇಹ. ಹಸು ಬೆದೆಗೆ ಬಂದಾಗ ಹೊತ್ತು ನೋಡಿ ಸೆಮೆನ್ ಕೊಡಿಸದಿದ್ದರೆ ಗಬ್ಬ ನಿಲ್ಲುವುದಿಲ್ಲ. ಕೋಳಿ ದಿನಾ ಮೊಟ್ಟೆ ಇಡುತ್ತದಲ್ಲ, ಹಾಗಾದರೆ ಹುಂಜ ಪ್ರತಿ ಹೇಂಟೆಯನ್ನೂ ದಿನಾ ಮೆಟ್ಟಬೇಕೇ? ಬಲ್ಲವರು ವಿವರವಾಗಿ ತಿಳಿಸಿ.

ಉತ್ತರ 1: ಅಂಡನಾಳ

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದು ಗೊತ್ತಾದರೆ ಮೊದಲನೆಯದು ಅರ್ಧ ಬಗೆಹರಿಯುತ್ತದೆ. ದಿನಾ ಮೆಟ್ಟಬೇಕಿಲ್ಲ.

ಹೇಂಟೆಯನ್ನು ಕೊಯ್ದು ನೋಡಿದರೆ ಎಡಗಡೆ ಮಾತ್ರ ಅಂಡಾಶಯ, ಅಂಡನಾಳ ಬೆಳೆದಿರುತ್ತವೆ. ಬಲಗಡೆಯವು ಭ್ರೂಣದಲ್ಲೇ ಕುಗ್ಗಿಹೋಗಿರುತ್ತವೆ. ಮೊಟ್ಟೆ ಇಡುವ ಕೋಳಿಯ ಅಂಡಾಶಯದಲ್ಲಿ ಐದಾರು ಹಳದಿ ಗೋಲಿಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕಾಣುತ್ತವೆ. ದೊಡ್ಡದು ಇವತ್ತಿನದು, ಅದರ ನಂತರದ್ದು ನಾಳೆಯದು. ಒಂದೊಂದು ಗೋಲಿಯೂ ಕೊನೆಯ 7ರಿಂದ 10 ದಿನದಲ್ಲಿ ಸರಸರನೆ ತುಂಬಿಕೊಳ್ಳುತ್ತದೆ. ಹಾಗಾಗಿ ಇವತ್ತು ಆಹಾರ ಬದಲಿಸಿದರೆ ಮೊಟ್ಟೆಯೊಳಗಿನ ಪೋಷಣೆ ಪೂರ್ತಿ ಬದಲಾಗಲು ಎರಡು ವಾರ ಬೇಕು.

ಹಳದಿ ಕಳಚಿ ಬಿದ್ದೊಡನೆ ಅಂಡನಾಳದ ಆಲಿಕೆಯಂಥ ಬಾಯಿ ಅದನ್ನು ಹಿಡಿದುಕೊಳ್ಳುತ್ತದೆ. ಅಲ್ಲಿರುವುದು ಹೆಚ್ಚೆಂದರೆ ಅರ್ಧ ಗಂಟೆ. ವೀರ್ಯಾಣು ಸೇರಬೇಕಾದದ್ದು ಆ ಹೊತ್ತಿನಲ್ಲೇ. ಆಮೇಲೆ ಲೋಳೆ ಸುತ್ತಿಕೊಂಡರೆ ಒಳಗೆ ಹೋಗಲು ದಾರಿಯಿಲ್ಲ. ಲೋಳೆ ಕೂಡುವ ಭಾಗವೇ ಎಲ್ಲಕ್ಕಿಂತ ಉದ್ದ, ಸುಮಾರು 33 ಸೆಂ.ಮೀ., ಅಲ್ಲಿ ಮೂರು ಗಂಟೆ. ಮುಂದಿನ ಕಿರಿದಾದ ಭಾಗದಲ್ಲಿ ಒಂದು ಗಂಟೆಗೂ ತುಸು ಹೆಚ್ಚು ಹೊತ್ತು, ಚಿಪ್ಪಿನ ಒಳಗಿನ ಎರಡು ಪೊರೆಗಳು ಅಲ್ಲಿ ಆಗುತ್ತವೆ. ಚಿಪ್ಪು ಕಟ್ಟುವ ಚೀಲದಲ್ಲಿ ಸುಮಾರು 20 ಗಂಟೆ. ಒಂದು ಚಿಪ್ಪಿಗೆ ಹೆಚ್ಚು ಕಡಿಮೆ 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟುವ ಕೆಲಸ ಬಹುಪಾಲು ರಾತ್ರಿ ನಡೆಯುವುದರಿಂದ ಕಪ್ಪೆಚಿಪ್ಪಿನ ನುಚ್ಚನ್ನು ಸಂಜೆ ಇಡಬೇಕು. ಎಲ್ಲ ಸೇರಿ 24ರಿಂದ 26 ಗಂಟೆ. ಮೊಟ್ಟೆ ಹೊರಬಂದ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಮುಂದಿನ ಹಳದಿ ಬೀಳುತ್ತದೆ. ಹೀಗೆ ದಿನದಿನಕ್ಕೂ ಹೊತ್ತು ಹಿಂದೆ ಬೀಳುತ್ತ ಮಧ್ಯಾಹ್ನ ದಾಟಿದರೆ ಕೋಳಿ ಒಂದು ದಿನ ಬಿಟ್ಟು ಇಡುತ್ತದೆ. ಅದು ರೋಗವಲ್ಲ.

ಹುಂಜದ ವಿಷಯಕ್ಕೆ ಬಂದರೆ, ಚಿಪ್ಪಿನ ಚೀಲ ಮತ್ತು ಯೋನಿ ಕೂಡುವ ಜಾಗದ ಮಡಿಕೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ಮೆಟ್ಟಿದಾಗ ಬಂದ ವೀರ್ಯಾಣುಗಳಲ್ಲಿ ಗಟ್ಟಿಯಾದ ಸ್ವಲ್ಪ ಪಾಲು ಮಾತ್ರ ಅದರೊಳಗೆ ಸೇರಿಕೊಂಡು ಎರಡು ಮೂರು ವಾರ ಬದುಕಿರುತ್ತದೆ, ದಿನಾ ಸ್ವಲ್ಪ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಹುಂಜವನ್ನು ತೆಗೆದ ಮೇಲೂ ಒಂದು ವಾರ ಮೊಟ್ಟೆ ಚೆನ್ನಾಗಿ ಫಲಿತವಾಗಿಯೇ ಬರುತ್ತದೆ, ಹತ್ತು ದಿನದ ಮೇಲೆ ಇಳಿಯುತ್ತದೆ. ಟರ್ಕಿಯಲ್ಲಿ ಈ ಉಗ್ರಾಣ ಇನ್ನೂ ಹೆಚ್ಚು ಕಾಲ ಬಾಳುತ್ತದೆ.

ಹಸುವಿಗೆ ಈ ಸೌಲಭ್ಯವಿಲ್ಲ. 21 ದಿನಕ್ಕೊಮ್ಮೆ ಬೆದೆ, ಅದು ಇರುವುದು 12ರಿಂದ 18 ಗಂಟೆ, ಬೆದೆ ಇಳಿದ 10ರಿಂದ 12 ಗಂಟೆಗೆ ಅಂಡ ಬಿಡುಗಡೆ. ಅಂಡ ಕೂಡಿಕೊಳ್ಳುವ ಸ್ಥಿತಿಯಲ್ಲಿರುವುದು ಅರ್ಧ ದಿನಕ್ಕೂ ಕಡಿಮೆ. ಹೆಪ್ಪುಗಟ್ಟಿಸಿದ ಸೆಮೆನ್ ಒಳಗೆ ಬದುಕುವುದು ಸುಮಾರು ಒಂದು ದಿನ. ಈ ಎರಡೂ ಒಂದೇ ಹೊತ್ತಿಗೆ ಸಿಗಬೇಕಾದ್ದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸಿ ಎನ್ನುವುದು. ಸಸ್ತನಿಗಳಲ್ಲಿ ದೀರ್ಘಕಾಲ ವೀರ್ಯ ಕಾಪಿಡುವುದು ಬಾವಲಿಗಳ ಕೆಲವು ಜಾತಿಗಳಲ್ಲಿ ಕಾಣುತ್ತದೆ. ಚಳಿದೇಶದ ಬಾವಲಿ ಚಳಿಗಾಲಕ್ಕೆ ಮುಂಚೆ ಕೂಡಿ ವಸಂತದಲ್ಲಿ ಗರ್ಭ ಕಟ್ಟುತ್ತದೆ.

ನಿಮ್ಮ ವಿಷಯದಲ್ಲಿ ಹೊಸ ಹುಂಜ ಬಿಟ್ಟು ಮೂರೇ ದಿನಕ್ಕೆ ಕೂಡಿಟ್ಟದ್ದು ಆತುರವಾಯಿತು. ಮೆಟ್ಟಿದ ಎರಡನೇ ದಿನದಿಂದ ಫಲಿತ ಮೊಟ್ಟೆ ಬರಬಹುದು, ಆದರೆ ಹದಿನಾಲ್ಕೂ ಹೇಂಟೆಗಳು ಹೊಸಬನಿಗೆ ಒಗ್ಗಿಕೊಳ್ಳಲು ಒಂದು ವಾರವಾದರೂ ಬೇಕು. ಮರಿಗಳು ಹೊಸ ಹುಂಜದವೇ ಆಗಬೇಕೆಂದಿದ್ದರೆ ಮೂರು ವಾರ ಕಾಯಿರಿ. ಅಷ್ಟರಲ್ಲಿ ಹಳೆಯದರ ಉಗ್ರಾಣ ಖಾಲಿಯಾಗಿರುತ್ತದೆ.

ಉತ್ತರ 2: ಕಾವುಪೆಟ್ಟಿಗೆ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಹುಂಜಕ್ಕೆ ಶಿಕ್ಷೆ ಕೊಡುವ ಮುಂಚೆ ಆ ಖಾಲಿ ಮೊಟ್ಟೆಗಳನ್ನು ಒಡೆದು ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಎಲ್ಲ ತಪ್ಪು ತೀರ್ಮಾನಕ್ಕೂ ಇದೇ ಮೂಲ. ಟಾರ್ಚ್ ಬೆಳಕಿನಲ್ಲಿ ಹುಂಜವೇ ಮುಟ್ಟದ ಮೊಟ್ಟೆಯೂ, ಫಲಿತವಾಗಿ ಮೊದಲೆರಡು ದಿನದಲ್ಲೇ ಸತ್ತ ಮೊಟ್ಟೆಯೂ ಒಂದೇ ಥರ ಕಾಣುತ್ತವೆ. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ.

ಮೊಂಡು ತುದಿಯ ಚಿಪ್ಪನ್ನು ತಟ್ಟಿ ತೆಗೆದು, ಗಾಳಿಕೋಶದ ಪೊರೆ ಹರಿದು, ಅಗಲ ತಟ್ಟೆಗೆ ಮೆಲ್ಲಗೆ ಸುರಿಯಿರಿ. ಹಳದಿಯ ಮೇಲೆ ಬಿಳಿ ಚುಕ್ಕೆ ಹುಡುಕಿ. ಕಾಣದಿದ್ದರೆ ಹಳದಿಯನ್ನು ಚಮಚದ ಹಿಂಬದಿಯಿಂದ ಹೊರಳಿಸಿ. ಸುಮಾರು 2 ಮಿ.ಮೀ.ನ, ಅಂಚು ಸರಿಯಿಲ್ಲದ, ಒತ್ತಾದ ಬಿಳಿ ಚುಕ್ಕೆ ಮಾತ್ರವಿದ್ದು ಹಳದಿ ತಿಳಿಯಾಗಿ ಗುಂಡಗಿದ್ದರೆ ಅದು ಗೊಡ್ಡು ಮೊಟ್ಟೆ. ಚುಕ್ಕೆ ಅಗಲವಾಗಿ ಹರಡಿ ಕೆನೆ ಪದರದಂತೆ ಕಂಡರೆ ಫಲಿತವಾಗಿತ್ತು, ಮೊದಲ ಒಂದೆರಡು ದಿನದಲ್ಲಿ ಸತ್ತಿದೆ. ಕೆಂಪು ಉಂಗುರ ಕಂಡರೆ ರಕ್ತನಾಳ ಮೂಡಿದ ಮೇಲೆ, ಎರಡರಿಂದ ನಾಲ್ಕನೇ ದಿನದೊಳಗೆ ಸತ್ತದ್ದು. ಕಪ್ಪು ಕಣ್ಣು ಕಂಡರೆ ಅದಕ್ಕೂ ಈಚೆ.

ಇಟ್ಟ ಮೊಟ್ಟೆ ಒಳಗೆ ಸುಮ್ಮನಿರುವ ವಸ್ತುವಲ್ಲ ಎಂಬುದು ನೆನಪಿರಲಿ. ಹೇಂಟೆಯ ಒಳಗೇ ಒಂದು ದಿನ 41 ಡಿಗ್ರಿ ಕಾವಿನಲ್ಲಿದ್ದು ಭ್ರೂಣ ಆಗಲೇ ಸಾವಿರಾರು ಕೋಶಗಳಾಗಿ ಒಡೆದಿರುತ್ತದೆ. ಹೊರಬಂದು ತಣ್ಣಗಾದಾಗ ಬೆಳವಣಿಗೆ ನಿಲ್ಲುತ್ತದೆ. ನಿಲ್ಲಬೇಕಾದರೆ 20, 21 ಡಿಗ್ರಿಗಿಂತ ಕೆಳಗಿರಬೇಕು. 35 ಡಿಗ್ರಿಯ ಅಡುಗೆಮನೆಯಲ್ಲಿ ಅದು ಪೂರ್ತಿ ಬೆಳೆಯುವುದೂ ಇಲ್ಲ, ಪೂರ್ತಿ ನಿಲ್ಲುವುದೂ ಇಲ್ಲ. ಅಡ್ಡಾದಿಡ್ಡಿ ಬೆಳೆದು ದುರ್ಬಲವಾಗಿ, ಯಂತ್ರಕ್ಕೆ ಹಾಕಿದ ಮೊದಲ ದಿನಗಳಲ್ಲೇ ಸಾಯುತ್ತದೆ.

ಮೊಟ್ಟೆ ಇಡಲು ಸರಿಯಾದ ತಾವು 15ರಿಂದ 18 ಡಿಗ್ರಿ, ಶೇ. 75ರಷ್ಟು ತೇವಾಂಶ, ಹೆಚ್ಚೆಂದರೆ ಏಳು ದಿನ. ವಾರ ದಾಟಿದ ಮೇಲೆ ದಿನದಿನಕ್ಕೂ ಮರಿಯಾಗುವ ಪ್ರಮಾಣ ಇಳಿಯುತ್ತದೆ, ಒಡೆಯುವ ಹೊತ್ತೂ ತಡವಾಗುತ್ತದೆ. ಎಸಿ ಇಲ್ಲದವರಿಗೆ ಮಣ್ಣಿನ ಮಡಕೆಯೇ ದಾರಿ. ಅಗಲ ಬಾಯಿಯ ಮಡಕೆಯನ್ನು ನೆರಳಿನಲ್ಲಿ ಒದ್ದೆ ಮರಳಿನೊಳಗೆ ಅರ್ಧ ಹೂತು, ತಳಕ್ಕೆ ಒಣ ಹುಲ್ಲು ಹಾಸಿ, ಚೂಪು ತುದಿ ಕೆಳಗಾಗಿ ಜೋಡಿಸಿ, ಮೇಲೆ ತೆಳು ಬಟ್ಟೆ ಕಟ್ಟಿ. ಮರಳಿಗೆ ದಿನಕ್ಕೆ ಎರಡು ಸಲ ನೀರು. 18ಕ್ಕೆ ಇಳಿಯುವುದಿಲ್ಲ, ಆದರೆ ಕೋಣೆಗಿಂತ ಹಲವು ಡಿಗ್ರಿ ತಂಪು ಸಿಗುತ್ತದೆ. ಹಾಗೆ ಇಟ್ಟಾಗ ನಾಲ್ಕೈದು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ. ಯಂತ್ರ ಅರ್ಧವೇ ತುಂಬಿದರೂ ಓಡಿಸಿ. ಬೇಸಿಗೆಯಲ್ಲಿ ಗೂಡಿನಿಂದ ದಿನಕ್ಕೆ ಮೂರು ನಾಲ್ಕು ಸಲ ಮೊಟ್ಟೆ ಎತ್ತಿ.

ಫ್ರಿಜ್ ಬೇಡ. 4 ಡಿಗ್ರಿ ಭ್ರೂಣಕ್ಕೆ ಅತಿ ತಂಪು. ಹೊರಗೆ ತೆಗೆದೊಡನೆ ಚಿಪ್ಪು ಬೆವರಿ, ಆ ನೀರಿನ ಜೊತೆ ರೋಗಾಣು ರಂಧ್ರಗಳಿಂದ ಒಳಗಿಳಿಯುತ್ತದೆ. ತೊಳೆಯುವುದೂ ಬೇಡ, ತಣ್ಣೀರಿನಲ್ಲಂತೂ ಬೇಡವೇ ಬೇಡ. ಚಿಪ್ಪಿನ ಮೇಲಿನ ತೆಳು ಲೇಪವೇ ಮೊಟ್ಟೆಗೆ ಕಾವಲು.

ಮುಂದುವರಿಕೆ: ಹಿರಿಯೂರು_ಹಿತ್ತಿಲು

ತುಂಬಾ ಉಪಕಾರವಾಯಿತು. ಒಡೆದು ನೋಡಿದೆ. ಬರೀ ಸಣ್ಣ ಚುಕ್ಕೆ ಇದ್ದವು ಕೆಲವೇ. ಹೆಚ್ಚಿನವುಗಳಲ್ಲಿ ಕೆನೆಯಂಥ ಪದರ, ಒಂದಷ್ಟರಲ್ಲಿ ಕೆಂಪು ಉಂಗುರ. ಅಂದರೆ ಹುಂಜ ಕೆಲಸ ಮಾಡಿದೆ. ಹಿಂದಿನ ಸಲದ ಇನ್ನೊಂದು ತೊಂದರೆಯನ್ನೂ ಇಲ್ಲೇ ಕೇಳಿಬಿಡುತ್ತೇನೆ: ಪೂರ್ತಿ ಬೆಳೆದ ಮರಿಗಳು ಚಿಪ್ಪಿಗೆ ತೂತು ಮಾಡಿ ಅಲ್ಲೇ ಸತ್ತಿದ್ದವು. ಕೈಯಿಂದ ಬಿಡಿಸಿದವಕ್ಕೆ ರಕ್ತ ಬಂತು. ಯಂತ್ರದ ಡಿಸ್‌ಪ್ಲೇ 37.7 ತೋರಿಸುತ್ತಿತ್ತು.

ಉತ್ತರ 3: ತತ್ತಿಮರಿ_ಧಾರವಾಡ

ಮೊದಲು ಆ ಡಿಸ್‌ಪ್ಲೇ ನಂಬೋದು ಬಿಡ್ರಿ. ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ಒಂದು ತಗೊಂಡು, ಬೆಚ್ಚಗಿನ ನೀರೊಳಗೆ ಅದನ್ನೂ ಯಂತ್ರದ ಸೆನ್ಸರ್ ಪಕ್ಕಕ್ಕೆ ಇಡೋ ಥರ್ಮಾಮೀಟರನ್ನೂ ಒಟ್ಟಿಗೆ ಅದ್ದಿ, 37.5ರ ಸುತ್ತ ಎರಡೂ ಎಷ್ಟು ತೋರಸ್ತಾವ ನೋಡ್ರಿ. ಫ್ಯಾನ್ ಇದ್ದ ಪೆಟ್ಟಿಗೆಗೆ 37.5ರಿಂದ 37.7. ಫ್ಯಾನ್ ಇಲ್ಲದ ಪೆಟ್ಟಿಗೆಯೊಳಗೆ ಬಿಸಿ ಮೇಲೇರತದ, ಅದಕ್ಕ ತತ್ತಿಯ ಮೇಲ್ಮಟ್ಟದಾಗ ಅಳದು 38.3ರಿಂದ 38.9 ಇಡಬೇಕು. ಒಂದು ಡಿಗ್ರಿ ಹೆಚ್ಚಾದರೆ ಮರಿ ಬೇಗ ಬಂದು ಹೊಕ್ಕಳ ಕೂಡಿರೋದಿಲ್ಲ. ಕಡಿಮೆ ಆದರೆ ತಡವಾಗಿ, ಹೊಟ್ಟೆ ದಪ್ಪಾಗಿ ಬರ್ತಾವ. ಸ್ವಲ್ಪ ಹೊತ್ತು ತಣ್ಣಗಾದರೆ ತಡಕೊಳ್ಳತಾವ, ಅತಿ ಬಿಸಿ ತಡಕೊಳ್ಳೂದಿಲ್ಲ.

ಕೊನೇ ಮೂರು ದಿನದ ಒಳಗೆ ಏನು ನಡೀತದ ಅನ್ನೋದು ಗೊತ್ತಿದ್ದರೆ ಕೈ ಹಾಕೋ ಮನಸ್ಸೇ ಬರೂದಿಲ್ಲ. ಅಲ್ಲೀತನಕ ಮರಿ ಉಸಿರಾಡೋದು ಪುಪ್ಪುಸದಿಂದ ಅಲ್ಲ, ಚಿಪ್ಪಿನ ಒಳಮೈಗೆ ಹತ್ತಿಕೊಂಡ ರಕ್ತನಾಳದ ಹಾಳೆಯಿಂದ. ನಮ್ಮ ಆಕಳ ಕರುವಿಗೆ ಮಾಸು ಮಾಡೋ ಕೆಲಸದೊಳಗ ಉಸಿರಿನ ಪಾಲನ್ನು ಇಲ್ಲಿ ಆ ಹಾಳೆ ಮಾಡತದ. ಆಹಾರದ ಪಾಲು ಹಳದಿಯದ್ದು. ಆಕಳು ಒಂಬತ್ತು ತಿಂಗಳು ರಕ್ತದಿಂದ ಉಣಿಸಬಹುದು, ಹ್ಯಾಟಿಗೆ ಇಪ್ಪತ್ತೊಂದು ದಿನದ ಬುತ್ತಿಯನ್ನು ಮೊದಲೇ ಕಟ್ಟಿ ಕೊಡಬೇಕು.

18ನೇ ದಿನದ ಹೊತ್ತಿಗೆ ಮರಿ ತಲೆ ಬಲ ರೆಕ್ಕೆ ಕೆಳಗೆ ಸೇರಿಸಿ, ಕೊಕ್ಕು ಗಾಳಿಕೋಶದ ಕಡೆ ಇಟ್ಟಿರತದ. 19ಕ್ಕೆ ಉಳಿದ ಹಳದಿ ಚೀಲ ಹೊಕ್ಕಳದ ಮೂಲಕ ಹೊಟ್ಟೆಯೊಳಗೆ ಸೇರಲಿಕ್ಕೆ ಶುರು. 20ರ ಸುಮಾರಿಗೆ ಕೊಕ್ಕು ಒಳಪೊರೆ ಹರದು ಗಾಳಿಕೋಶಕ್ಕೆ ಬರತದ, ಪುಪ್ಪುಸದ ಮೊದಲ ಉಸಿರು ಅದೇ. ಕಿವಿಗೆ ಹಿಡಿದರೆ ಚಿಂವ್ ಅನ್ನೋ ಸದ್ದು ಕೇಳತದ. ಆಮೇಲೆ ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಚಿಪ್ಪಿಗೆ ತೂತು. ತೂತಾದ ಮೇಲೆ 12ರಿಂದ 24 ಗಂಟೆ ಸುಮ್ಮನೆ ಕೂತಂಗ ಕಾಣತದ. ಆ ಹೊತ್ತಿನೊಳಗೇ ಹಾಳೆಯ ರಕ್ತ ಮರಿ ಮೈಗೆ ತಿರುಗಿ, ನಾಳ ಒಣಗತಾವ. ಆಗ ಬಿಡಿಸಿದರೆ ರಕ್ತ ತುಂಬಿದ ನಾಳವೇ ಹರೀತದ. ನೀವು ನೋಡಿದ್ದು ಅದೇ.

ಅಲ್ಲೇ ಸತ್ತದ್ದಕ್ಕೆ ಬಹಳ ಸಲ ತೇವಾಂಶವೇ ಕಾರಣ. ಎರಡು ಥರ ಇದೆ, ಸತ್ತ ಮರಿ ನೋಡಿದರೆ ತಿಳೀತದ. ಪೊರೆ ಒಣಗಿ ಮರಿ ರೆಕ್ಕೆಗೆ ಅಂಟಿದ್ದರೆ ಕೊನೇ ಮೂರು ದಿನ ತೇವ ಸಾಲಲಿಲ್ಲ, ಅಥವಾ ಮುಚ್ಚಳ ಪದೇ ಪದೇ ತೆಗದಿರಿ. ಮರಿ ಉಬ್ಬಿ ಒದ್ದಿಯಾಗಿ, ಗಾಳಿಕೋಶ ಸಣ್ಣದಿದ್ದರೆ ಮೊದಲ 18 ದಿನ ತೇವ ಹೆಚ್ಚಾಗಿತ್ತು. ತತ್ತಿಯಿಂದ ಹೋಗಬೇಕಾದ ನೀರು ಹೋಗಲಿಲ್ಲ. ಮೊದಲ 18 ದಿನ ಶೇ. 50ರಿಂದ 55, ಆಮೇಲೆ 65ರಿಂದ 70.

ಮೀಟರಿಗಿಂತ ತಕ್ಕಡಿ ನಂಬ್ರಿ. ತತ್ತಿ 18 ದಿನದೊಳಗೆ ಶೇ. 11ರಿಂದ 13 ತೂಕ ಕಳಕೋಬೇಕು. 20 ತತ್ತಿ ಒಟ್ಟಿಗೆ 1000 ಗ್ರಾಂ ಇದ್ದರೆ 18ಕ್ಕೆ 880ರ ಆಸುಪಾಸು ಬರಬೇಕು. ಏಳನೇ ದಿನಕ್ಕೆ 955 ಇದ್ದರೆ ದಾರಿ ಸರಿ ಇದೆ. 975 ಇದ್ದರೆ ನೀರಿನ ತಟ್ಟೆ ಸಣ್ಣದು ಮಾಡ್ರಿ, 930 ಇದ್ದರೆ ದೊಡ್ಡದು. ತೇವ ಹೆಚ್ಚು ಮಾಡೋದು ತಟ್ಟೆಯ ಅಗಲ, ಆಳ ಅಲ್ಲ.

ತಿರುಗಿಸೋದು ದಿನಕ್ಕೆ ಐದು ಸಲ, ಬೆಸ ಸಂಖ್ಯೆ ಇರಲಿ, ರಾತ್ರಿ ಒಂದೇ ಮಗ್ಗಲು ಆಗಬಾರದು. ತಿರುಗಿಸದಿದ್ದರೆ ಭ್ರೂಣ ಪೊರೆಗೆ ಅಂಟತದ. ಮೊದಲ ವಾರ ಬಹಳ ಮುಖ್ಯ. 18ಕ್ಕೆ ನಿಲ್ಲಿಸಿ, ಮಲಗಿಸಿ, ಮುಚ್ಚಳ ಮುಟ್ಟಬೇಡ್ರಿ. ಹುಟ್ಟಿದ ಮರಿಗೆ ಹೊಟ್ಟೆಯೊಳಗಿನ ಹಳದಿ ಎರಡು ದಿನ ಸಾಕಾಗತದ, ಒಣಗಿದ ಮೇಲೆ ತೆಗೀರಿ. ಕರೆಂಟು ಹೋದರೆ ದಪ್ಪ ಬಟ್ಟೆ ಹೊದಿಸಿ. ಕೊನೇ ವಾರದೊಳಗ ಮಾತ್ರ ಗಾಳಿ ತೂತು ಮುಚ್ಚಬೇಡ್ರಿ, ಮರಿ ತಾನೇ ಬಿಸಿ ಹುಟ್ಟಿಸತಿರತದ, ಗಾಳಿಯೂ ಬೇಕು.

ಉತ್ತರ 4: ಅಂಡನಾಳ

ಮಧ್ಯದ ದಿನಗಳಲ್ಲಿ, ಅಂದರೆ 8ರಿಂದ 17ರ ನಡುವೆ, ಸಾವು ಸಹಜವಾಗಿ ಕಡಿಮೆ. ಅಲ್ಲಿ ಹೆಚ್ಚು ಸತ್ತರೆ ತಾಯಿಯ ಆಹಾರ ನೋಡಬೇಕು. ರೈಬೋಫ್ಲೇವಿನ್ ಕೊರತೆಯಿದ್ದರೆ ಮರಿಯ ನಯಗರಿ ಗಂಟುಗಂಟಾಗಿ, ಕಾಲ್ಬೆರಳು ಒಳಗೆ ಸುರುಳಿಯಾಗಿರುತ್ತದೆ. ತಿನ್ನುವ ಮೊಟ್ಟೆಗಾಗಿ ಮಾಡಿದ ಲೇಯರ್ ಆಹಾರದಲ್ಲಿ ಮರಿ ಮಾಡಿಸಲು ಬೇಕಾದಷ್ಟು ಜೀವಸತ್ವ ಇರುವುದಿಲ್ಲ. ಬ್ರೀಡರ್ ಆಹಾರ ಕೊಡಿ, ಜೊತೆಗೆ ಹಸಿ ಸೊಪ್ಪು.

ಹುಂಜ ತಪ್ಪಿತಸ್ಥ ಅಲ್ಲವಾದರೂ 14ಕ್ಕೆ ಒಂದು ಕಡಿಮೆಯೇ. 8ರಿಂದ 10 ಹೇಂಟೆಗೆ ಒಂದು ಸರಿ. ಹೋರಿಯ ಬೀಜಗಳು ಹೊರಗೆ ಚೀಲದಲ್ಲಿ ತೂಗುತ್ತ ಮೈಗಿಂತ ಕೆಲವು ಡಿಗ್ರಿ ತಂಪಾಗಿರುತ್ತವೆ. ಹುಂಜದವು ಬೆನ್ನಿಗೆ ಹತ್ತಿ, ಮೂತ್ರಪಿಂಡಗಳ ಮುಂದೆ, 41 ಡಿಗ್ರಿಯಲ್ಲೇ ಕೆಲಸ ಮಾಡುತ್ತವೆ. ಹಾಗೆಂದು ಬಿಸಿಲು ತಟ್ಟುವುದಿಲ್ಲವೆಂದಲ್ಲ. ಬಾಯಿ ತೆರೆದು ಏದುಸಿರು ಬಿಡುವ ಹುಂಜ ಮೆಟ್ಟುವುದನ್ನೇ ಬಿಡುತ್ತದೆ, ವೀರ್ಯವೂ ತೆಳುವಾಗುತ್ತದೆ. ನೆರಳು, ತಣ್ಣೀರು, ಬೆಳಗಿನ ತಂಪಿನಲ್ಲಿ ಆಹಾರ ಕೊಡಿ. ಬಾತಿನ ಗಂಡಿಗೆ ಇರುವಂಥ ಶಿಶ್ನ ಹುಂಜಕ್ಕಿಲ್ಲ, ದ್ವಾರಕ್ಕೆ ದ್ವಾರ ತಾಗಿದಾಗ ಕ್ಷಣದಲ್ಲಿ ವೀರ್ಯ ದಾಟಬೇಕು. ದಪ್ಪ ಗರಿಯ ತಳಿಗಳಲ್ಲಿ ದ್ವಾರದ ಸುತ್ತಲಿನ ಗರಿ ಕತ್ತರಿಸಿ. ಕಾಲಿನ ಮುಳ್ಳು ಉದ್ದವಾಗಿ ಹೇಂಟೆಗಳ ಬೆನ್ನು ಗಾಯವಾಗಿದ್ದರೆ ಅವು ತಪ್ಪಿಸಿಕೊಂಡು ಓಡುತ್ತವೆ, ಮುಳ್ಳಿನ ತುದಿ ಉಜ್ಜಿ ಮೊಂಡಾಗಿಸಿ.

ಕೋಳಿಗೂ ಕೃತಕ ಗರ್ಭಧಾರಣೆ ಇದೆ. ಹುಂಜದ ಬೆನ್ನು ಸವರಿ ವೀರ್ಯ ತೆಗೆಯುವ ಕ್ರಮವನ್ನು ಬರೋಸ್ ಮತ್ತು ಕ್ವಿನ್ 1937ರಲ್ಲಿ ಪ್ರಕಟಿಸಿದರು, ಈಗಲೂ ಅದೇ ನಡೆದಿದೆ. ಹೋರಿಯ ಸೆಮೆನ್‌ನಂತೆ ಹೆಪ್ಪುಗಟ್ಟಿಸಿ ಮೈನಸ್ 196 ಡಿಗ್ರಿಯಲ್ಲಿಟ್ಟು ಊರೂರಿಗೆ ಹಂಚುವ ವ್ಯವಸ್ಥೆ ಕೋಳಿಗೆ ಬಳಕೆಯಲ್ಲಿಲ್ಲ, ತಾಜಾ ವೀರ್ಯವನ್ನು ಅರ್ಧ ಗಂಟೆಯೊಳಗೆ ಬಳಸಬೇಕು. ಒಂದು ಹೇಂಟೆಗೆ 0.05 ಮಿ.ಲೀ., ವಾರಕ್ಕೊಮ್ಮೆ. ಮಧ್ಯಾಹ್ನ ಮೂರರ ಮೇಲೆಯೇ ಮಾಡಬೇಕು: ಬೆಳಿಗ್ಗೆ ಚಿಪ್ಪಿನ ಚೀಲದಲ್ಲಿ ಗಟ್ಟಿ ಮೊಟ್ಟೆ ಕೂತಿದ್ದರೆ ವೀರ್ಯ ಮೇಲೆ ಹೋಗುವುದಿಲ್ಲ, ಮೊಟ್ಟೆಯ ಜೊತೆ ಹೊರಬಿದ್ದುಹೋಗುತ್ತದೆ. ಹೊಟ್ಟೆಯ ಎಡಭಾಗ ಒತ್ತಿ ಯೋನಿ ಹೊರಚಾಚಿದಾಗ ಪಿಪೆಟ್ 2ರಿಂದ 3 ಸೆಂ.ಮೀ. ಒಳಗಿಟ್ಟು, ವೀರ್ಯ ಬಿಡುವಾಗಲೇ ಒತ್ತು ಸಡಿಲಿಸಿ. ಒತ್ತು ಬಿಡದಿದ್ದರೆ ಹಾಕಿದ್ದು ವಾಪಸು ಬರುತ್ತದೆ. 14 ಕೋಳಿಗೆ ಇದೆಲ್ಲ ಬೇಕಿಲ್ಲ, ಇನ್ನೊಂದು ಹುಂಜ ತನ್ನಿ. ಅದು ಈಗಿರುವ ಹುಂಜದ ಅಥವಾ ಹೇಂಟೆಗಳ ಒಡಹುಟ್ಟಾಗಿರಬಾರದು.

ಪ್ರಶ್ನೆಯೊಳಗೊಂದು ಪ್ರಶ್ನೆ: ಕೆರೆದಂಡೆ

ಚೂಪು ಮೊಟ್ಟೆಯಿಂದ ಹುಂಜ, ಗುಂಡು ಮೊಟ್ಟೆಯಿಂದ ಹೇಂಟೆ ಅನ್ನುತ್ತಾರೆ. ಆರಿಸಿ ಹಾಕಬಹುದೇ? ಹಸುವಿಗೆ ಹೆಣ್ಣುಕರುವಿನ ಸೆಮೆನ್ ಸಿಗುತ್ತದಲ್ಲ, ಕೋಳಿಗೆ ಯಾಕಿಲ್ಲ?

ಉತ್ತರ 5: ಅಂಡನಾಳ

ಆಕಾರಕ್ಕೂ ಲಿಂಗಕ್ಕೂ ಸಂಬಂಧವಿಲ್ಲ. ಆಕಾರ ಅಂಡನಾಳದಲ್ಲಿ ಆಗುವಂಥದ್ದು, ಒಂದು ಹೇಂಟೆಯ ಮೊಟ್ಟೆಗಳು ಹೆಚ್ಚು ಕಡಿಮೆ ಒಂದೇ ಆಕಾರದಲ್ಲಿರುತ್ತವೆ. ತುಂಬಾ ಚೂಪು, ತುಂಬಾ ಗುಂಡು ಎರಡನ್ನೂ ಕಾವಿಗೆ ಇಡದಿರುವುದು ಒಳ್ಳೆಯದು, ಮರಿ ತಿರುಗಿಕೊಳ್ಳಲು ಜಾಗ ಸರಿಹೋಗುವುದಿಲ್ಲ.

ಹಸುವಿನಲ್ಲಿ ಕರುವಿನ ಲಿಂಗ ನಿರ್ಧರಿಸುವುದು ಹೋರಿಯ ವೀರ್ಯಾಣು: ಎಕ್ಸ್ ಹೊತ್ತದ್ದು ಸೇರಿದರೆ ಹೆಣ್ಣು, ವೈ ಹೊತ್ತದ್ದು ಸೇರಿದರೆ ಗಂಡು. ಎಕ್ಸ್ ಇರುವ ವೀರ್ಯಾಣುವಿನಲ್ಲಿ ಡಿಎನ್‌ಎ ಶೇ. 4ರಷ್ಟು ಹೆಚ್ಚಿರುವುದರಿಂದ ಯಂತ್ರ ಅವೆರಡನ್ನೂ ಬೇರ್ಪಡಿಸಬಲ್ಲದು. ಹಕ್ಕಿಗಳಲ್ಲಿ ಇದು ತಿರುವುಮುರುವು. ಹುಂಜದ ಎಲ್ಲ ವೀರ್ಯಾಣುಗಳೂ ಝೆಡ್ ಮಾತ್ರ ಹೊತ್ತಿರುತ್ತವೆ. ಝೆಡ್ ಅಥವಾ ಡಬ್ಲ್ಯೂ ಎರಡರಲ್ಲಿ ಒಂದನ್ನು ಕೊಡುವುದು ಹೇಂಟೆ, ಅದೂ ಹಳದಿ ಕಳಚುವ ಕೆಲವೇ ಗಂಟೆ ಮೊದಲು. ಹುಂಜದ ವೀರ್ಯ ಎಷ್ಟು ಬೇರ್ಪಡಿಸಿದರೂ ಹೆಣ್ಣುಮರಿ ಹೆಚ್ಚಾಗುವುದಿಲ್ಲ. ಯಂತ್ರದ ಬಿಸಿ ಹೆಚ್ಚು ಕಡಿಮೆ ಮಾಡಿದರೂ ಲಿಂಗ ಬದಲಾಗುವುದಿಲ್ಲ, ಮರಿ ಸಾಯುತ್ತದೆ ಅಷ್ಟೆ.